134 ಸೋಲುಗಳ ಒಂದು ಸೀಸನ್

ಕ್ರಿಕೆಟ್ ನೋಡಿಕೊಂಡು ಬೆಳೆದ ನನಗೆ ಬೇಸ್‌ಬಾಲ್ ಅಷ್ಟಾಗಿ ಒಗ್ಗಿದ್ದಲ್ಲ. ಆದರೆ ಅದರ ಹಳೆಯ ಅಂಕಿ-ಅಂಶಗಳನ್ನು ಕೆದಕುವ ಹುಚ್ಚು ಮಾತ್ರ ಹೇಗೋ ಹಿಡಿದುಬಿಟ್ಟಿದೆ. 2024ರಲ್ಲಿ ಶಿಕಾಗೋ ವೈಟ್ ಸಾಕ್ಸ್ ತಂಡ ಒಂದೇ ಸೀಸನ್ನಿನಲ್ಲಿ 121 ಪಂದ್ಯ ಸೋತು, 1962ರ ನ್ಯೂಯಾರ್ಕ್ ಮೆಟ್ಸ್ ತಂಡದ 120 ಸೋಲುಗಳ ದಾಖಲೆಯನ್ನು ಮುರಿಯಿತು. ಆದರೆ ಅದು 'ಆಧುನಿಕ' ಬೇಸ್‌ಬಾಲಿನ ದಾಖಲೆ, ಅಂದರೆ 20ನೇ ಶತಮಾನದಿಂದ ಈಚಿನದು. ಹಾಗಾದರೆ ಅದಕ್ಕೂ ಹಿಂದೆ? ಅಲ್ಲಿ ಒಂದು ತಂಡ ಕೂತಿದೆ. ಆಡಿದ್ದು 154, ಗೆದ್ದದ್ದು 20, ಸೋತದ್ದು 134. ಹೆಸರು ಕ್ಲೀವ್‌ಲ್ಯಾಂಡ್ ಸ್ಪೈಡರ್ಸ್, ವರ್ಷ 1899.

ಇಷ್ಟು ಓದಿದರೆ ಯಾರಿಗಾದರೂ ನಗು ಬರುತ್ತದೆ. ನನಗೂ ಬಂತು. ಆಮೇಲೆ ಕಥೆ ಗೊತ್ತಾದಾಗ ನಗು ನಿಂತಿತು.

ಸ್ಪೈಡರ್ಸ್ ಕಳಪೆ ತಂಡವೇನೂ ಆಗಿರಲಿಲ್ಲ ಮಾರಾಯ್ರೇ. 1895ರಲ್ಲಿ ಬಾಲ್ಟಿಮೋರನ್ನು ಸೋಲಿಸಿ ಟೆಂಪಲ್ ಕಪ್ ಗೆದ್ದ ತಂಡ ಅದು. 511 ಪಂದ್ಯ ಗೆದ್ದು, ಇವತ್ತಿಗೂ ಯಾರೂ ಮುಟ್ಟಲಾಗದ ದಾಖಲೆ ಇಟ್ಟುಹೋದ ಪಿಚರ್ ಸೈ ಯಂಗ್ ಆಡುತ್ತಿದ್ದದ್ದು ಇಲ್ಲೇ. ಒಳ್ಳೆಯ ಬ್ಯಾಟ್ಸ್‌ಮನ್ ಜೆಸ್ಸಿ ಬರ್ಕೆಟ್, ಬಾಬಿ ವ್ಯಾಲೇಸ್ ಕೂಡ ಇಲ್ಲಿಯವರೇ.

ತಂಡದ ಮಾಲೀಕರು ಫ್ರಾಂಕ್ ಮತ್ತು ಸ್ಟ್ಯಾನ್ಲಿ ರಾಬಿಸನ್ ಎಂಬ ಅಣ್ಣತಮ್ಮಂದಿರು. ಫ್ರಾಂಕ್‌ನದು ಟ್ರಾಮ್ ವ್ಯವಹಾರ. ತನ್ನ ಟ್ರಾಮ್ ಹೋಗುವ ದಾರಿಯಲ್ಲೇ ಲೀಗ್ ಪಾರ್ಕ್ ಮೈದಾನ ಕಟ್ಟಿಸಿದ್ದ. ಟಿಕೆಟ್ ದುಡ್ಡೂ ಅವನದೇ, ಟ್ರಾಮ್ ದುಡ್ಡೂ ಅವನದೇ :-) ಆದರೆ ಜನ ಸಾಕಷ್ಟು ಬರಲಿಲ್ಲ. ದುಡಿಯುವವರಿಗೆ ರಜೆ ಸಿಗುತ್ತಿದ್ದದ್ದು ಭಾನುವಾರ, ಕ್ಲೀವ್‌ಲ್ಯಾಂಡಿನಲ್ಲಿ ಭಾನುವಾರ ಆಡುವ ಹಾಗಿರಲಿಲ್ಲ. 1897ರಲ್ಲಿ ಧೈರ್ಯ ಮಾಡಿ ಒಂದು ಭಾನುವಾರ ಆಡಲು ಹೋದರೆ ಪೊಲೀಸರು ಆಟ ನಿಲ್ಲಿಸಿ ಆಟಗಾರರನ್ನೇ ಹಿಡಿದುಕೊಂಡು ಹೋದರು.

1899ರ ಆರಂಭದಲ್ಲಿ, ದಿವಾಳಿಯಾಗಿದ್ದ ಸೇಂಟ್ ಲೂಯಿಸ್ ತಂಡ ರಾಬಿಸನ್ನರ ಕೈಗೆ ಬಂತು. ದೊಡ್ಡ ಊರು, ಭಾನುವಾರದ ಆಟಕ್ಕೆ ಅಡ್ಡಿಯಿಲ್ಲ. ಒಬ್ಬನೇ ಮಾಲೀಕನಿಗೆ ಒಂದೇ ಲೀಗಿನಲ್ಲಿ ಎರಡು ತಂಡ ಇರಬಾರದು ಎಂಬ ತಡೆ ಆಗ ಇರಲಿಲ್ಲ. ಸರಿ, ಯಂಗ್, ಬರ್ಕೆಟ್, ವ್ಯಾಲೇಸ್, ಮ್ಯಾನೇಜರ್ ಪ್ಯಾಟ್ಸಿ ಟೆಬ್ಯೂ, ಎಲ್ಲರನ್ನೂ ಗಂಟುಮೂಟೆ ಕಟ್ಟಿಸಿ ಸೇಂಟ್ ಲೂಯಿಸ್‌ಗೆ ಸಾಗಿಸಿದರು. ಅಲ್ಲಿ ಬೇಡವಾದವರು ಕ್ಲೀವ್‌ಲ್ಯಾಂಡಿಗೆ ಬಂದರು. ಮೊದಲ ಪಂದ್ಯವೇ ಈ ಎರಡು ತಂಡಗಳ ನಡುವೆ. ಸೇಂಟ್ ಲೂಯಿಸ್ 10-1ರಿಂದ ಗೆದ್ದಿತು.

ಹೊಸ ಮ್ಯಾನೇಜರ್ ಲೇವ್ ಕ್ರಾಸ್ 38 ಪಂದ್ಯಗಳಲ್ಲಿ 8 ಗೆಲ್ಲಿಸಿದ. ಸ್ವತಃ ಚೆನ್ನಾಗಿ ಆಡುತ್ತಿದ್ದ ಕಾರಣಕ್ಕೆ ಅವನನ್ನೂ ಸೇಂಟ್ ಲೂಯಿಸ್‌ಗೆ ಕರೆಸಿಕೊಂಡರು. ಚೆನ್ನಾಗಿ ಆಡುವುದೇ ಇಲ್ಲಿಂದ ಹೊರಗೆ ಹೋಗುವ ದಾರಿಯಾಯಿತು! ನಂತರ ಬಂದವನು ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಜೋ ಕ್ವಿನ್. ಅವನ ಲೆಕ್ಕ 12 ಗೆಲುವು, 104 ಸೋಲು. ಪಿಚರ್ ಜಿಮ್ ಹ್ಯೂಯಿ ಒಬ್ಬನ ಹೆಸರಿಗೇ 30 ಸೋಲು.

ಇಡೀ ವರ್ಷ ತವರಿನಲ್ಲಿ ಪಂದ್ಯ ನೋಡಿದವರು 6,088 ಜನ. ಪಂದ್ಯಕ್ಕೆ ನೂರೈವತ್ತು ತಲೆಯೂ ಇಲ್ಲ. ಅಷ್ಟರಲ್ಲಿ ಸಿಗುವ ಪಾಲು ರೈಲು, ಹೋಟೆಲ್ ಖರ್ಚಿಗೂ ಸಾಲದು ಎಂದು ಬೇರೆ ತಂಡಗಳು ಬರಲೊಲ್ಲೆ ಅಂದವು. ಹಾಗಾಗಿ ಸ್ಪೈಡರ್ಸ್ 154ರಲ್ಲಿ 112 ಪಂದ್ಯಗಳನ್ನು ಪರವೂರಿನಲ್ಲೇ ಆಡಿತು. ಪತ್ರಿಕೆಗಳು ಅವರನ್ನು 'ಅಲೆಮಾರಿಗಳು' ಅಂದವು. ಕೊನೆಯ 41ರಲ್ಲಿ 40 ಸೋಲು, ಅದರಲ್ಲಿ 24 ಸತತ. ಅಕ್ಟೋಬರ್ 15ರಂದು ಸಿನ್ಸಿನಾಟಿಯಲ್ಲಿ ನಡೆದ ಕಟ್ಟಕಡೆಯ ಪಂದ್ಯದಲ್ಲಿ ಪಿಚ್ ಮಾಡಿದ್ದು, ಅವರು ಇಳಿದುಕೊಂಡಿದ್ದ ಹೋಟೆಲಿನ ಸಿಗಾರ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಎಡ್ಡಿ ಕೋಲ್ಬ್! ಫಲಿತಾಂಶ 19-3.

ನನ್ನ ಮೊದಲ ಕೆಲಸ ನೆನಪಾಯಿತು. ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್. ಧಣಿಗಳು ಇನ್ನೊಂದು ಊರಿನಲ್ಲಿ ಹೊಸ ಪ್ರೆಸ್ ತೆರೆದು, ಒಳ್ಳೆಯ ಮಿಷನ್ನು, ಕೈ ಪಳಗಿದ ಕೆಲಸಗಾರರನ್ನೆಲ್ಲ ಅಲ್ಲಿಗೆ ಕಳಿಸಿದರು. ಉಳಿದ ನಾವು ನಾಲ್ಕು ಜನ ಹಳೇ ಮಿಷನ್ ಜೊತೆ ಗುದ್ದಾಡಿದೆವು. ವರ್ಷದ ಕೊನೆಗೆ "ನಿಮ್ಮ ಕೈಲಿ ಏನೂ ಆಗಲ್ಲ ಕಣ್ರಯ್ಯಾ" ಅಂತ ಬಾಗಿಲು ಹಾಕಿದರು. ಅವತ್ತು ನಾನದನ್ನು ನಂಬಿಯೂಬಿಟ್ಟಿದ್ದೆ.

1899ರ ನಂತರ ನ್ಯಾಷನಲ್ ಲೀಗ್ 12 ತಂಡಗಳನ್ನು ಎಂಟಕ್ಕೆ ಇಳಿಸಿತು. ಬಿಟ್ಟ ನಾಲ್ಕರಲ್ಲಿ ಕ್ಲೀವ್‌ಲ್ಯಾಂಡೂ ಒಂದು. ಅಷ್ಟೆಲ್ಲ ಆಟಗಾರರನ್ನು ಸಾಗಿಸಿಕೊಂಡ ಸೇಂಟ್ ಲೂಯಿಸ್ ಏನಾದರೂ ಗೆದ್ದಿತೇ? ಇಲ್ಲ, ಐದನೇ ಸ್ಥಾನ.

ದಾಖಲೆ ಪುಸ್ತಕದಲ್ಲಿ ಆ 30 ಸೋಲು ಹ್ಯೂಯಿಯ ಹೆಸರಿನಲ್ಲಿವೆ, 104 ಕ್ವಿನ್ ಹೆಸರಿನಲ್ಲಿವೆ. ರಾಬಿಸನ್ ಹೆಸರಿನ ಮುಂದೆ ಒಂದೂ ಇಲ್ಲ. ಸೋಲನ್ನು ಬರೆದಿಡುವಾಗ ಅದಕ್ಕೊಂದು ಕಾಲಂ ಬೇಕಿತ್ತು ಅಂತ ನನಗನ್ನಿಸುತ್ತೆ. ನೀವೇನಂತೀರಿ?