ಕೇಳುವ ಊರು, ಮಾತನಾಡುವ ಪೆಟ್ಟಿಗೆ



ಕೆಲವು ತಿಂಗಳ ಹಿಂದೆ ಶಿವಮೊಗ್ಗದಲ್ಲಿ ನಡೆದ ಮದುವೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಎದುರಾದ. ಕುಶಲಪ್ರಶ್ನೆಗಳು ಮುಗಿದ ಮೇಲೆ, "ಸಾರ್, ನಾವು ಕಟ್ಟಲು ಹೊರಟಿದ್ದ ಆ ರೇಡಿಯೋ ಕೊನೆಗೂ ಮಾತನಾಡಿತೇ?" ಎಂದು ಕೇಳಿದ. "ಮಾತನಾಡಿತು" ಎಂದೆ. ಅವನು ಸಂತೋಷಪಟ್ಟು ಊಟದ ಪಂಕ್ತಿಗೆ ನಡೆದ. ಅವನಿಗೆ ಹೇಳಬೇಕಾಗಿದ್ದ ಇನ್ನೊಂದು ಮಾತು ನನ್ನಲ್ಲಿಯೇ ಉಳಿಯಿತು. ಅದನ್ನು ಇಲ್ಲಿ ಬರೆಯುತ್ತೇನೆ. ಆದರೆ ಆ ಪೆಟ್ಟಿಗೆಯ ಮಹತ್ವ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನನ್ನ ಬಾಲ್ಯ ಕಳೆದದ್ದು ಭದ್ರಾವತಿಯ ನ್ಯೂಟೌನಿನಲ್ಲಿ. ತಂದೆಯವರು ಕಬ್ಬಿಣದ ಕಾರ್ಖಾನೆಯ ನೌಕರರು. 1965ರಲ್ಲಿ ಆಕಾಶವಾಣಿಯ ಭದ್ರಾವತಿ ಕೇಂದ್ರ ಆರಂಭವಾದಾಗ ನನಗಿನ್ನೂ ಐದು ವರ್ಷ. ಕಾರ್ಖಾನೆಯ ಕೂಗು ಮತ್ತು ಬಾನುಲಿಯ ಸಮಯಸೂಚನೆ, ಇವೆರಡೇ ನಮ್ಮ ಬೀದಿಯ ಗಡಿಯಾರಗಳಾಗಿದ್ದವು. ಪಕ್ಕದ ಮನೆಯಲ್ಲಿ ರೇಡಿಯೋ ಇತ್ತು. ನಾವು ಅವರ ಜಗುಲಿಯ ಮೇಲೆ ಕುಳಿತು ಕೇಳುತ್ತಿದ್ದೆವು. ನಮ್ಮ ಮನೆಗೆ ರೇಡಿಯೋ ಬಂದ ಮೇಲೆ ತಂದೆಯವರು ಪ್ರತಿವರ್ಷ ಅಂಚೆ ಕಚೇರಿಗೆ ಹೋಗಿ ಅದರ ಪರವಾನಗಿ ನವೀಕರಿಸಿಕೊಂಡು ಬರುತ್ತಿದ್ದರು. ಇಂದಿನ ಮಕ್ಕಳಿಗೆ ಇದನ್ನು ಹೇಳಿದರೆ ನಗುತ್ತಾರೆ. ಆದರೆ ಆಗ ಕೇಳುವುದಕ್ಕೂ ಸರಕಾರದ ಅನುಮತಿ ಬೇಕಾಗಿತ್ತು. ಆ ಪದ್ಧತಿ ರದ್ದಾದದ್ದು 1980ರ ದಶಕದಲ್ಲಿ.

ಕೇಳುವುದಕ್ಕೇ ಹೀಗಿದ್ದಾಗ, ಮಾತನಾಡುವ ವಿಚಾರ ನಮ್ಮ ತಲೆಗೇ ಬಂದಿರಲಿಲ್ಲ. ಆದರೆ ಬಹಳ ಹಿಂದೆಯೇ ಕೆಲವರ ತಲೆಗೆ ಅದು ಬಂದಿತ್ತು. ಕಲ್ಕತ್ತೆಯ ಅಮರೇಂದ್ರ ಚಂದ್ರ ಗುಪ್ತು ಅವರು 1921ರಲ್ಲಿಯೇ ಹವ್ಯಾಸಿ ರೇಡಿಯೋ ನಡೆಸುತ್ತಿದ್ದರು. ನಮ್ಮ ನಾಡಿನ ಉದಾಹರಣೆ ಇನ್ನೂ ಸ್ವಾರಸ್ಯಕರವಾದುದು. ಮೈಸೂರಿನ ಮಹಾರಾಜ ಕಾಲೇಜಿನ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ಕಲಿಸುತ್ತಿದ್ದುದು ಮನಶ್ಶಾಸ್ತ್ರವನ್ನು, ಭೌತಶಾಸ್ತ್ರವನ್ನಲ್ಲ. ಅವರು 1935ರಲ್ಲಿ ತಮ್ಮ ಮನೆ 'ವಿಠ್ಠಲ ವಿಹಾರ'ದಲ್ಲಿ ಒಂದು ಪುಟ್ಟ ಪ್ರೇಷಕವನ್ನಿಟ್ಟು ಪ್ರಸಾರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ಬಳಕೆಗೆ ಬಂದದ್ದು ಆ ಕೇಂದ್ರದಿಂದ. 1942ರಲ್ಲಿ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಮುಂದೆ 1950ರ ದಶಕದಲ್ಲಿ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ಸ್ವೀಕರಿಸಿತು. ಒಬ್ಬ ಮೇಷ್ಟರ ಮನೆಯಲ್ಲಿ ಹುಟ್ಟಿದ ಕೂಸು ಇದು ಎಂಬುದು ನನಗೆ ಯಾವಾಗಲೂ ಅಭಿಮಾನದ ಸಂಗತಿ.

ಇನ್ನು ನಮ್ಮ ಪೆಟ್ಟಿಗೆಯ ಕಥೆ. 2005ರ ಮೇ 5ರಂದು ಇಸ್ರೋ ಸಂಸ್ಥೆಯು ಶ್ರೀಹರಿಕೋಟಾದಿಂದ 'ಹ್ಯಾಮ್‌ಸ್ಯಾಟ್' ಎಂಬ ಪುಟ್ಟ ಉಪಗ್ರಹವನ್ನು ಹಾರಿಸಿತು. ತೂಕ ಸುಮಾರು 42 ಕಿಲೋ. ಅದು ಇದ್ದದ್ದೇ ಹವ್ಯಾಸಿಗಳ ಬಳಕೆಗಾಗಿ, 2014ರವರೆಗೆ ಕೆಲಸ ಮಾಡಿತು. ಪತ್ರಿಕೆಯಲ್ಲಿ ಇದನ್ನೋದಿದ ನನ್ನ ಒಂಬತ್ತನೆಯ ತರಗತಿಯ ಹುಡುಗರು "ನಾವೂ ಒಂದು ರೇಡಿಯೋ ಮಾಡೋಣ ಸಾರ್" ಎಂದು ಹಟ ಹಿಡಿದರು. ಆ ದಿನಗಳಲ್ಲಿ ಹೈದರಾಬಾದಿನ ಅಶ್ಹರ್ ಫರ್ಹಾನ್ ಅವರು ರೂಪಿಸಿದ 'ಬಿಟೆಕ್ಸ್-20' ಎಂಬ ಟ್ರಾನ್ಸೀವರ್ ಹವ್ಯಾಸಿಗಳ ನಡುವೆ ಬಹಳ ಹೆಸರು ಮಾಡಿತ್ತು. ದುಬಾರಿ ಆಮದು ಬಿಡಿಭಾಗಗಳಿಲ್ಲದೆ, ನಮ್ಮ ಊರಿನ ಅಂಗಡಿಗಳಲ್ಲಿ ಸಿಗುವ ವಸ್ತುಗಳಿಂದಲೇ ಕಟ್ಟಬಹುದು ಎಂಬುದೇ ಅದರ ಹೆಚ್ಚುಗಾರಿಕೆ. ಸುರುಳಿ ಸುತ್ತಲು ನಲ್ಲಿಯ ವಾಷರ್ ಸಾಕು! ಬೆಂಗಳೂರಿನ ಸ್ನೇಹಿತರೊಬ್ಬರು ಅದರ ಬೋರ್ಡು ಮತ್ತು ಬಿಡಿಭಾಗಗಳ ಕಿಟ್ಟನ್ನು ತಂದುಕೊಟ್ಟರು. ವಾಷರನ್ನು ನಾವು ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಕೊಂಡೆವು. ಅಂಗಡಿಯವರು "ಯಾವ ನಲ್ಲಿಗೆ?" ಎಂದಾಗ ಹುಡುಗರು "ರೇಡಿಯೋಗೆ" ಎಂದದ್ದು ಇನ್ನೂ ನೆನಪಿದೆ.

ಅದರ ಕಾರ್ಯವಿಧಾನ ಹೀಗೆ. ಕೇಳುವಾಗಲೂ ಮಾತನಾಡುವಾಗಲೂ ಅವೇ ವರ್ಧಕಗಳು, ಅದೇ ಸ್ಫಟಿಕಗಳ ಶೋಧಕ ಕೆಲಸ ಮಾಡುತ್ತವೆ. ಸಂಕೇತವು ಒಮ್ಮೆ ಎಡದಿಂದ ಬಲಕ್ಕೆ, ಒಮ್ಮೆ ಬಲದಿಂದ ಎಡಕ್ಕೆ ಹರಿಯುತ್ತದೆ, ಒಂದೇ ಸೇತುವೆಯ ಮೇಲೆ ಎರಡೂ ಕಡೆಯ ಬಂಡಿಗಳು ಸರದಿಯಂತೆ ದಾಟುವ ಹಾಗೆ. ಶೋಧಕದ ಆವರ್ತನ 10 ಮೆಗಾಹರ್ಟ್ಸ್. ನಾವು ತಿರುಗಿಸುವ ಗುಂಡಿ ಕೊಡುವುದು 4 ಮೆಗಾಹರ್ಟ್ಸ್. ಎರಡೂ ಕೂಡಿ 14. ಪ್ರಸಾರದ ಶಕ್ತಿ ಕೇವಲ 6 ವ್ಯಾಟ್, ನಿಮ್ಮ ಮನೆಯ ಸಣ್ಣ ಎಲ್‌ಇಡಿ ಬಲ್ಬಿನಷ್ಟು.

ಆಂಟೆನಾದ ಲೆಕ್ಕವನ್ನು ಹುಡುಗರೇ ಮಾಡಿದರು. ಬೆಳಕಿನ ವೇಗ ಸೆಕೆಂಡಿಗೆ 30 ಕೋಟಿ ಮೀಟರ್. ಭದ್ರಾವತಿ ಕೇಂದ್ರದ 675 ಕಿಲೋಹರ್ಟ್ಸ್‌ನಿಂದ ಅದನ್ನು ಭಾಗಿಸಿದರೆ ತರಂಗಾಂತರ 444.4 ಮೀಟರ್. 14 ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಸುಮಾರು 21 ಮೀಟರ್. ಅದರ ಅರ್ಧದಷ್ಟು ತಂತಿ ಶಾಲೆಯ ತಾರಸಿಗೆ ಸರಿಹೊಂದಿತು. ಅಷ್ಟು ವರ್ಷ ಕಪ್ಪು ಹಲಗೆಯ ಮೇಲೆ ಬರೆದ ಸೂತ್ರ ಅಂದು ಮೊದಲ ಬಾರಿಗೆ ಒಂದು ತಂತಿಯ ಉದ್ದವಾಗಿ ಕಣ್ಣಿಗೆ ಬಿದ್ದಿತು.

ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ. ನನಗೆ ಆಗ ಪರವಾನಗಿ ಇರಲಿಲ್ಲ. ಆದ್ದರಿಂದ ಪ್ರಸಾರದ ವರ್ಧಕವನ್ನು ಕಟ್ಟದೆ, ಕೇಳುವ ಭಾಗವನ್ನಷ್ಟೇ ಪೂರ್ಣಗೊಳಿಸುವುದೆಂದು ತೀರ್ಮಾನಿಸಿದೆವು. ಬೆಸುಗೆಯ ಕೆಲಸವನ್ನು ಒಬ್ಬ ಮಿತಭಾಷಿ ಹುಡುಗನಿಗೆ ವಹಿಸಿದೆ, ಅವನ ಕೈ ನಡುಗುತ್ತಿರಲಿಲ್ಲ. ಮಿಶ್ರಕದ ಮೂರೆಳೆಯ ಸುರುಳಿಯನ್ನು ಮಾತ್ರ, ಮಕ್ಕಳಿಂದಾಗದು ಎಂದು, ನಾನೇ ಸುತ್ತಿದೆ. ಅದರಲ್ಲಿ ಒಂದು ಎಳೆಯ ಆರಂಭವನ್ನು ಇನ್ನೊಂದರ ಕೊನೆಗೆ ಸೇರಿಸಬೇಕು. ತಪ್ಪಿದರೆ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ.

2006ರ ಜನವರಿಯ ಒಂದು ಸಂಜೆ ವಿದ್ಯುತ್ ಕೊಟ್ಟೆವು. ಬರಿಯ ಸುಯ್ಯೆಂಬ ಸದ್ದು. ಎಲ್ಲರೂ ನನ್ನ ಮುಖ ನೋಡಿದರು. ನಾನು ಬೋರ್ಡನ್ನು ತಿರುಗಿಸಿ ನೋಡಿ, "ಇದು ಬೆಸುಗೆಯೋ, ಮೆತ್ತಿದ ಮಣ್ಣೋ?" ಎಂದು ಆ ಹುಡುಗನನ್ನು ಎಲ್ಲರೆದುರು ಗದರಿಸಿದೆ. ಅವನು ಮರುಮಾತನಾಡದೆ ಎರಡು ದಿನ ಕುಳಿತು ಎಲ್ಲ ಬೆಸುಗೆಗಳನ್ನೂ ಮತ್ತೆ ಹಾಕಿದ. ಆಗಲೂ ಅದೇ ಸದ್ದು. ಮೂರನೆಯ ದಿನದಿಂದ ಅವನು ಪ್ರಯೋಗಾಲಯಕ್ಕೆ ಬರಲಿಲ್ಲ. ವಾರ್ಷಿಕ ಪರೀಕ್ಷೆ ಹತ್ತಿರವಾಯಿತೆಂದು ನಾನೂ ಕರೆಯಲಿಲ್ಲ.

ಕೆಲವು ವಾರಗಳ ನಂತರ, ಒಬ್ಬನೇ ಕುಳಿತು ಮಲ್ಟಿಮೀಟರಿನಿಂದ ಒಂದೊಂದೇ ಎಳೆಯನ್ನು ಪರೀಕ್ಷಿಸಿದಾಗ ತಪ್ಪು ಸಿಕ್ಕಿತು. ನಾನು ಸುತ್ತಿದ ಸುರುಳಿಯ ತುದಿಗಳೇ ಅದಲುಬದಲಾಗಿದ್ದವು. ಸರಿಪಡಿಸಿ ಗುಂಡಿ ತಿರುಗಿಸಿದೆ. ಎಲ್ಲೋ ದೂರದಿಂದ, ರಷ್ಯಾದ ಕರೆಸಂಕೇತ ಹೇಳಿಕೊಂಡು ಒಬ್ಬಾತ ಯಾರನ್ನೋ ಕೂಗುತ್ತಿದ್ದ. ಅವನ ದನಿ ಕೇಳಿ ಮೈ ಜುಮ್ಮೆಂದಿತು. ಮರುದಿನ ಹುಡುಗರನ್ನು ಕರೆದು ಕೇಳಿಸಿದೆ. "ಏನು ತೊಂದರೆಯಿತ್ತು ಸಾರ್?" ಎಂದಾಗ "ಒಂದು ಸಣ್ಣ ದೋಷ" ಎಂದುಬಿಟ್ಟೆ. ಅದು ಯಾರ ದೋಷ ಎಂಬುದನ್ನು ಹೇಳಲಿಲ್ಲ. ಆ ಹುಡುಗ ಅಂದು ಅಲ್ಲಿರಲಿಲ್ಲ.

ಪೆಟ್ಟಿಗೆ ಹದಿನೈದು ವರ್ಷಕ್ಕೂ ಮಿಕ್ಕಿ ಅಟ್ಟದ ಮೇಲಿತ್ತು. ನಿವೃತ್ತಿಯ ನಂತರ, ಮೊಮ್ಮಕ್ಕಳ ವಯಸ್ಸಿನವರ ಜೊತೆ ಕುಳಿತು ಹವ್ಯಾಸಿ ರೇಡಿಯೋ ಪರೀಕ್ಷೆ ಬರೆದೆ. ಕೆಳದರ್ಜೆಯ ಪರವಾನಗಿಗೆ ಈಗ ಮಾರ್ಸ್ ಸಂಕೇತದ ಪರೀಕ್ಷೆಯಿಲ್ಲ. ಪರವಾನಗಿ ಕೈಸೇರಿದ ಮೇಲೆ ಪ್ರಸಾರದ ಭಾಗವನ್ನು ಕಟ್ಟಿ ಮುಗಿಸಿದೆ. ಕಳೆದ ವರ್ಷ ಶಿವಮೊಗ್ಗದ ನಮ್ಮ ಮನೆಯ ತಾರಸಿಯಿಂದ ಹೊರಟ ನನ್ನ ದನಿಗೆ ಕೋಲ್ಕತ್ತದಿಂದ ಒಬ್ಬರು ಉತ್ತರಿಸಿದರು. ಐದನೆಯ ವಯಸ್ಸಿನಿಂದ ಕೇಳುತ್ತಲೇ ಬಂದವನು ಅಂದು ಮೊದಲ ಬಾರಿಗೆ ಮರುಮಾತನಾಡಿದೆ.

ಹವ್ಯಾಸಿ ರೇಡಿಯೋದಲ್ಲಿ ಒಂದು ನಿಯಮವಿದೆ. ಮಾತನಾಡುವವನು ತಾನು ಯಾರೆಂಬುದನ್ನು ತನ್ನ ಕರೆಸಂಕೇತದ ಮೂಲಕ ಮತ್ತೆ ಮತ್ತೆ ಹೇಳಬೇಕು. ಅನಾಮಧೇಯ ದನಿಗೆ ಅಲ್ಲಿ ಅವಕಾಶವಿಲ್ಲ. ಆ ನಿಯಮವನ್ನು ಪರೀಕ್ಷೆಗಾಗಿ ಓದುವಾಗ 2006ರ ಆ ಸಂಜೆ ನೆನಪಾಗಿತ್ತು.

ಮದುವೆಯ ಮನೆಯಲ್ಲಿ ನನ್ನನ್ನು ಪ್ರಶ್ನಿಸಿದವನು ಅವನೇ. ಅಪ್ಪಾ, ನಿನ್ನ ಬೆಸುಗೆಗಳಲ್ಲಿ ಒಂದೂ ತಪ್ಪಿರಲಿಲ್ಲ. ಇಂದಿಗೂ ಆ ಬೋರ್ಡಿನಲ್ಲಿ ಇರುವುದು ಅವೇ ಬೆಸುಗೆಗಳು. ತಪ್ಪಿದ್ದು ನನ್ನ ಸುರುಳಿ. ಒಂದು ಭಾನುವಾರ ಬೆಳಿಗ್ಗೆ ಮನೆಗೆ ಬಾ, ಪೆಟ್ಟಿಗೆ ಮೇಜಿನ ಮೇಲೆಯೇ ಇದೆ.