ಜೋರು ಉರಿಯ ಬಾಣಲೆಗೆ ಯಾವ ಎಣ್ಣೆ?

ವೈಟ್‌ಫೀಲ್ಡ್ ಸೀಮೆಯ ಹೂಡಿಗೆ ಯಾವ ಯಾವ ಊರಿನವರು ಬಂದು ನೆಲೆಸಿದ್ದಾರೆ ಎಂಬುದನ್ನು ದಿನಸಿ ಅಂಗಡಿಯ ಎಣ್ಣೆ ಸಾಲು ನೋಡಿಯೇ ಹೇಳಬಹುದು. ಸೂರ್ಯಕಾಂತಿ, ಕಡಲೆಕಾಯಿ ಎಣ್ಣೆಗಳ ಪಕ್ಕದಲ್ಲೇ ಬಂಗಾಳ, ಬಿಹಾರದವರ ಸಾಸಿವೆ ಎಣ್ಣೆ, ಮಲಯಾಳಿಗಳ ಕೊಬ್ಬರಿ ಎಣ್ಣೆ. ಕೆಲಸ ಮುಗಿಸಿ ಬಂದು ಒಂದಷ್ಟು ತರಕಾರಿಯನ್ನೋ ನೂಡಲ್ಸನ್ನೋ ಗಬಗಬನೆ ಹುರಿದುಕೊಳ್ಳುವವರಿಗೆ ಇವೆಲ್ಲವೂ ಒಂದೇ ಅಲ್ಲ.

ಹೊಗೆ ಏಳುವ ಹೊತ್ತು

ಬೆಂಡೆಕಾಯಿಯನ್ನು ಸಣ್ಣ ಉರಿಯಲ್ಲಿ ಇಟ್ಟರೆ ಲೋಳೆ ಎಳೆಎಳೆಯಾಗಿ ಸೌಟಿಗೆ ಅಂಟುತ್ತದೆ. ಬಾಣಲೆ ಚೆನ್ನಾಗಿ ಕಾದಿದ್ದರೆ ಲೋಳೆ ಬೇಗ ಆರಿ, ಅಂಚು ಕಂದು ಬಣ್ಣಕ್ಕೆ ತಿರುಗುತ್ತದೆ. ಜೋರು ಉರಿಯ ಲಾಭ ಇದು. ಆದರೆ ಪ್ರತಿ ಎಣ್ಣೆಗೂ ಹೊಗೆಯಾಡಲು ಶುರುವಾಗುವ ಒಂದು ಉಷ್ಣತೆ ಇದೆ. ಅದನ್ನು ದಾಟಿದರೆ ಎಣ್ಣೆ ಒಡೆದು ಅಕ್ರೋಲಿನ್ ಎಂಬ ಅನಿಲ ಏಳುತ್ತದೆ. ಕಣ್ಣು ಉರಿಯುವುದು, ಗಂಟಲು ಕೆರೆಯುವುದು ಅದರಿಂದಲೇ. ಕಿಟಕಿ ಚಿಕ್ಕದಾಗಿರುವ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ಇದನ್ನು ಕಡೆಗಣಿಸಬಾರದು.

ಗಾಣದ್ದೋ, ರಿಫೈನ್ಡೋ?

ಕರ್ನಾಟಕದಲ್ಲಿ ಕಡಲೆಕಾಯಿ ಎಣ್ಣೆಗೆ ಹಳೆಯ ನಂಟಿದೆ. ಎಣ್ಣೆ ಗಿರಣಿಗಳಿಂದಲೇ ಹೆಸರಾದ ಊರು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲೂ ಈಗ ಮೋಟಾರಿನಿಂದ ತಿರುಗುವ ಮರದ ಗಾಣ ಇಟ್ಟುಕೊಂಡ ಅಂಗಡಿಗಳಿವೆ. ಗಾಣದ ಎಣ್ಣೆಯ ಘಮಕ್ಕೆ ಸಾಟಿಯಿಲ್ಲ. ಆದರೆ ಸೋಸಿದ ಮೇಲೂ ಬೀಜದ ನುಣ್ಣನೆಯ ಕಣಗಳು ಅದರಲ್ಲಿ ಉಳಿಯುತ್ತವೆ. ಬಾಟಲಿಯ ತಳದಲ್ಲಿ ಕೂರುವ ಮಡ್ಡಿ ಅದೇ. ಆ ಕಣಗಳು ಬೇಗ ಸೀಯುತ್ತವೆ. ಅದಕ್ಕೇ ಗಾಣದ ಕಡಲೆಕಾಯಿ ಎಣ್ಣೆ ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲೇ ಹೊಗೆಯಾಡಿದರೆ, ರಿಫೈನ್ಡ್ ಕಡಲೆಕಾಯಿ ಎಣ್ಣೆ 230ರ ಆಸುಪಾಸಿನವರೆಗೂ ತಡೆಯುತ್ತದೆ.

‘ರಿಫೈನ್ಡ್ ಎಂದರೆ ಕೆಟ್ಟದ್ದು’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಒಗ್ಗರಣೆಗೆ, ಹದ ಉರಿಯ ಪಲ್ಯಕ್ಕೆ, ಚಟ್ನಿಪುಡಿಗೆ ಗಾಣದ ಎಣ್ಣೆ. ಕೆಂಪಗೆ ಕಾದ ಬಾಣಲೆಗೆ ರಿಫೈನ್ಡ್. ಎರಡನ್ನೂ ಸ್ವಲ್ಪಸ್ವಲ್ಪ ಮನೆಯಲ್ಲಿಟ್ಟುಕೊಳ್ಳುವುದೇ ಸರಿ.

ಉಳಿದ ಎಣ್ಣೆಗಳು

ಅಕ್ಕಿ ತೌಡಿನ ಎಣ್ಣೆ ಜೋರು ಉರಿಗೆ ಒಳ್ಳೆಯ ಆಯ್ಕೆ. ರುಚಿ ಮಂದ, ಹೊಗೆ ತಡವಾಗಿ ಏಳುತ್ತದೆ, ಒರೈಜನಾಲ್ ಎಂಬ ಸಹಜ ಅಂಶವೂ ಇದೆ. ತೌಡಿನಲ್ಲಿ ಎಣ್ಣೆ ಕಡಿಮೆಯಾದ್ದರಿಂದ ಇದನ್ನು ಸಾಮಾನ್ಯವಾಗಿ ದ್ರಾವಕ ಬಳಸಿ ತೆಗೆದು ಶುದ್ಧೀಕರಿಸುತ್ತಾರೆ. ರಿಫೈನ್ಡ್ ಸೂರ್ಯಕಾಂತಿಯೂ ಬೇಗ ಹೊಗೆಯಾಡದು. ಆದರೆ ಅದರಲ್ಲಿ ಲಿನೋಲಿಕ್ ಆಮ್ಲ ಹೆಚ್ಚಿರುವುದರಿಂದ ಮತ್ತೆ ಮತ್ತೆ ಕಾಯಿಸಿದರೆ ಕಡಲೆಕಾಯಿ ಎಣ್ಣೆಗಿಂತ ಬೇಗ ಕೆಡುತ್ತದೆ.

ಸಾಸಿವೆ ಎಣ್ಣೆ ಉರಿ ತಡೆಯುತ್ತದೆ, ಘಾಟು ಒಗ್ಗಬೇಕು ಅಷ್ಟೆ. ಚೀನೀ ಅಡುಗೆಯ ಎಳ್ಳೆಣ್ಣೆ ಹುರಿದ ಎಳ್ಳಿನದು. ಒಲೆ ಆರಿಸಿದ ಮೇಲೆ ಕೆಲವು ಹನಿ ಬಿಡಲು ಮಾತ್ರ. ನಮ್ಮ ಒಳ್ಳೆಣ್ಣೆಯನ್ನು ಅದರ ಬದಲಿಗೆ ಸುರಿದರೆ ಆ ಪರಿಮಳ ಬರುವುದಿಲ್ಲ.

ಪ್ಯಾಕೆಟ್ ಓದುವುದು

ಒಂದು ಲೀಟರ್ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಒಂದೇ ಗಾತ್ರದಂತೆ ಕಾಣುವ ಪೊಟ್ಟಣಗಳಲ್ಲಿ ಒಂದರಲ್ಲಿ 850 ಗ್ರಾಂ ಮಾತ್ರ ಇರಬಹುದು. ಬೆಲೆ ಹೋಲಿಸುವಾಗ ತೂಕವನ್ನೇ ನೋಡಿ. ಎರಡು ಎಣ್ಣೆಗಳ ಮಿಶ್ರಣವಾದರೆ ಯಾವುದು ಎಷ್ಟು ಪಾಲು ಎಂದು ಅಚ್ಚಾಗಿರಬೇಕು. ಸಾಸಿವೆ ಎಣ್ಣೆಗೆ ಬೇರೆ ಎಣ್ಣೆ ಬೆರೆಸಿ ಮಾರುವುದನ್ನು 2021ರ ಜೂನ್ 8ರಿಂದ ನಿಷೇಧಿಸಲಾಗಿದೆ. ‘+ಎಫ್’ ಗುರುತು ವಿಟಮಿನ್ ಎ ಮತ್ತು ಡಿ ಸೇರಿಸಿರುವುದನ್ನು ತಿಳಿಸುತ್ತದೆ.

ಕರಿದು ಉಳಿದ ಎಣ್ಣೆ

ಸಂಜೆ ಗಾಡಿಯ ಗೋಬಿ ಮಂಚೂರಿಯನ್ನು ಮೊದಲು ಕರಿದು, ಆಮೇಲೆ ಸಾಸ್ ಜೊತೆ ಬಾಣಲೆಯಲ್ಲಿ ಹೊರಳಿಸುತ್ತಾರೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬಣ್ಣದ ಬಗ್ಗೆ ಆದಷ್ಟು ಚರ್ಚೆ ಕರಿದ ಎಣ್ಣೆಯ ಬಗ್ಗೆ ಆಗಬೇಕಿತ್ತು. ಎಣ್ಣೆ ಕಾದಷ್ಟೂ ಅದರಲ್ಲಿ ಪೋಲಾರ್ ಸಂಯುಕ್ತಗಳು ಹೆಚ್ಚುತ್ತವೆ, ಅವು ಶೇ. 25 ದಾಟಿದ ಎಣ್ಣೆಯನ್ನು ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಕಪ್ಪಾದ, ಅಂಟಂಟಾದ, ಮೇಲೆ ನೊರೆ ನಿಲ್ಲುವ ಎಣ್ಣೆ ಕಂಡರೆ ಆ ಗಾಡಿಯಲ್ಲಿ ತಿನ್ನದಿರುವುದು ಲೇಸು.

ಮನೆಯಲ್ಲಿ ಹಪ್ಪಳ ಕರಿದು ಉಳಿದ ಎಣ್ಣೆಯನ್ನು ಆರಿದ ಮೇಲೆ ಸೋಸಿ ಮುಚ್ಚಿಡಿ. ಎರಡು ದಿನದೊಳಗೆ ಹದ ಉರಿಯ ಪಲ್ಯಕ್ಕೆ ಬಳಸಿ ಮುಗಿಸಬೇಕು. ಒಮ್ಮೆ ಕಾದ ಎಣ್ಣೆಗೆ ಹೊಗೆ ಬೇಗ ಏಳುವುದರಿಂದ ಜೋರು ಉರಿಗೆ ಅದು ಬೇಡ. ಬಳಸಲಾಗದ್ದನ್ನು ಸಿಂಕಿಗೆ ಸುರಿಯದೆ, ಹಳೆಯ ಕಾಗದಕ್ಕೆ ಹೀರಿಸಿ ಕಸಕ್ಕೆ ಕೊಡಿ.