ಮೋಗ್ಲಿಯ ಒಂದು ವರ್ಷ

1993ರಲ್ಲಿ ದೂರದರ್ಶನ ಭಾನುವಾರಗಳಂದು ಬಿತ್ತರಿಸಿದ ‘ಜಂಗಲ್ ಬುಕ್’ ಜಪಾನಿನ ನಿಪ್ಪಾನ್ ಆನಿಮೇಷನ್ ಸಂಸ್ಥೆಯ 52 ಕಂತುಗಳ ಆನಿಮೆ. ವಾರಕ್ಕೊಂದರಂತೆ ಒಂದು ವರ್ಷದ ಲೆಕ್ಕ. ಮಧ್ಯಪ್ರದೇಶದ ಸಿವನಿ ಕಾಡಿನ ಕಥೆ ಕಿಪ್ಲಿಂಗನ ಇಂಗ್ಲಿಷಿನಿಂದ ಜಪಾನಿಗೆ ಹೋಗಿ, ಗುಲ್ಜಾರರ ಹಾಡಿನೊಡನೆ ಹಿಂದಿಯಾಗಿ ಮರಳಿತು. ರಾಷ್ಟ್ರೀಯ ಪ್ರಸಾರವಾದ್ದರಿಂದ ಔರಂಗಾಬಾದಿನಲ್ಲೂ ಬೆಂಗಳೂರಿನಲ್ಲೂ ಮೋಗ್ಲಿಯ ಮಾತು ಒಂದೇ.

ಮುಂದೆ ಖಾಸಗಿ ವಾಹಿನಿಗಳು ಬಂದಾಗಲೂ ಕನ್ನಡದಲ್ಲಿ 1960ರ ದಶಕದಿಂದ ಬೇರೂರಿದ್ದ ಡಬ್ಬಿಂಗ್ ವಿರೋಧ ಉಳಿಯಿತು. ಅದು ನಮ್ಮ ಕಲಾವಿದರ ಅನ್ನವನ್ನು ಕಾಯಿತು, ನಿಜ. ಮಕ್ಕಳು ಮಾತ್ರ ಕಾಯಬೇಕಾಯಿತು. ಅವರಿಗೆಂದೇ ‘ಚಿಂಟು’ ವಾಹಿನಿ ಬಂದದ್ದು 2009ರಲ್ಲಿ. ಡಬ್ಬಿಂಗ್ ನಿರ್ಬಂಧವನ್ನು ಭಾರತೀಯ ಸ್ಪರ್ಧಾ ಆಯೋಗ ತಪ್ಪೆಂದದ್ದು 2015ರಲ್ಲಿ. ಅಷ್ಟರಲ್ಲಿ ಮೋಗ್ಲಿಯನ್ನು ನೋಡಿ ಬೆಳೆದವರೇ ತಂದೆತಾಯಿಗಳಾಗಿದ್ದರು.

ಚಿಕಲಠಾಣಾದಂಥ ಊರಿನಲ್ಲಿ ಶಾಲೆಯಾಗಲಿ ಬೀದಿಯಾಗಲಿ ಕನ್ನಡವಾಡುವುದಿಲ್ಲ. ಮನೆಯ ಪರದೆಯೂ ಆಡದಿದ್ದರೆ, ಮಗುವಿಗೆ ಕನ್ನಡ ಹಿರಿಯರ ಭಾಷೆಯಾಗಿಯಷ್ಟೇ ಉಳಿಯುತ್ತದೆ.